ಗಾಳಿಗೆ ನೆಟ್ಟ ಗಡಿಕಲ್ಲು

ಕಳೆದ ಸಂಕ್ರಾಂತಿಯ ರಜೆಯಲ್ಲಿ ಮಿರಜ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಹಿರಿಯ ಅಕ್ಕನನ್ನು ಆ ಊರಿಗೆ ಕೊಟ್ಟು ಮೂವತ್ತು ವರ್ಷಗಳು ಸಂದುವು. ಹೊತ್ತು ಮುಳುಗುವ ಸಮಯಕ್ಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಕಬ್ಬು ಕಡಿದ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಅಲ್ಲೊಂದು ಇಲ್ಲೊಂದು ಹೊಗೆಯ ಕಂಬ ಎದ್ದು, ಮೇಲೇರಲಾರದೆ ಹೊಲಗಳ ಮೇಲೆಯೇ ಹಾಸಿಕೊಂಡಿತ್ತು. ಮೂಡಣ ದಿಕ್ಕೆಲ್ಲ ಮಸುಕು. ಮಾವನವರು ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದರು. ಅಕ್ಕ ಮೂಡಣದ ಕಡೆಗೆ ಕೈಮಾಡಿ, “ನೋಡಪಾ ತಮ್ಮಾ, ಇಲ್ಲೀದು ಸಾಲದಂತ ನಿಮ್ಮ ಕಡೀ ಹೊಗೀನೂ ಬರತೈತಿ” ಎಂದಳು.

ನನಗೆ ಸ್ವಲ್ಪ ಅಭಿಮಾನಭಂಗವಾಯಿತು. “ಶ್ರಾವಣದಾಗ ನಿಮ್ಮ ಕಡೀ ನೀರು ನಮ್ಮ ಹೊಲ ಮನಿ ಹೊಕ್ಕಾಗ ನಾವು ಯಾರ ಮುಂದ ಹೇಳೂದವಾ ಅಕ್ಕಾ?” ಎಂದೆ.

ಅವಳು ನಗಲಿಲ್ಲ. “ಇಬ್ರೂ ಕೂಡಿ ಯಾರ ಮುಂದರ ಹೇಳೂದು ಬಿಟ್ಟು, ಹಿಂಗ ಒಬ್ರಿಗೊಬ್ರು ಅಂದಾಡಿದ್ರ ಏನ ಬಂತು?” ಎಂದು ಒಳಗೆ ಹೋಗಿ ಮಾವನವರಿಗೆ ಬಿಸಿನೀರು ತಂದುಕೊಟ್ಟಳು.

ನಾಲ್ಕನೆಯ ಇಯತ್ತೆಯವರೆಗೆ ಓದಿದ ನನ್ನ ಅಕ್ಕನಿಗೆ ಹೊಳೆದ ಈ ಮಾತು, ಗಾಳಿಯ ಹೆಸರಿನಲ್ಲಿ ಕೋಟಿ ಕೋಟಿ ರೂಪಾಯಿಗಳ ಅನುದಾನವನ್ನು ಹಂಚುವವರಿಗೆ ಏಕೆ ಹೊಳೆಯಲಿಲ್ಲ? ಈ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ. ನಾನು ವಿಜ್ಞಾನಿಯಲ್ಲ, ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಆದರೆ ಉಸಿರಾಡುವುದಕ್ಕೆ ವಿಜ್ಞಾನದ ಪದವಿ ಬೇಡವಾದ ಮೇಲೆ, ಉಸಿರಿನ ಬಗ್ಗೆ ಕೇಳುವುದಕ್ಕೂ ಅದು ಬೇಕಾಗಲಾರದೆಂದು ನಂಬಿದ್ದೇನೆ.

ಮೊದಲು ಹಣದ ಸಂಗತಿ ನೋಡೋಣ. ಕೇಂದ್ರ ಸರಕಾರವು ೨೦೧೯ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಪಟ್ಟಿಯಲ್ಲಿ ಮೊದಲು ೧೦೨ ನಗರಗಳಿದ್ದುವು. ಮುಂದೆ ಅವು ೧೩೦ರಷ್ಟಾದುವು. ಕರ್ನಾಟಕದಿಂದ ಅದರಲ್ಲಿ ಸೇರಿದವು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಇದರ ಜೊತೆಗೆ ೧೫ನೆಯ ಹಣಕಾಸು ಆಯೋಗವು ಹತ್ತು ಲಕ್ಷಕ್ಕೂ ಮಿಕ್ಕಿ ಜನರಿರುವ ನಗರಗಳ ಗಾಳಿಗೆಂದು ಬೇರೆ ಅನುದಾನವನ್ನು ಗೊತ್ತುಮಾಡಿತು. ೨೦೨೦–೨೧ನೆಯ ಒಂದೇ ವರ್ಷಕ್ಕೆ ಆ ಮೊತ್ತ ೪,೪೦೦ ಕೋಟಿ ರೂಪಾಯಿ. ನಮ್ಮ ನಾಡಿನಲ್ಲಿ ಆ ಪಂಕ್ತಿಗೆ ಕುಳಿತದ್ದು ಬೆಂಗಳೂರು ಒಂದೇ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹೆಸರು ಯಾವ ಎಲೆಯ ಮುಂದೆಯೂ ಇರಲಿಲ್ಲ.

“ನಿಮ್ಮ ಊರುಗಳ ಗಾಳಿ ಚೆನ್ನಾಗಿದೆ, ಅದಕ್ಕೇ ಹಣವಿಲ್ಲ, ಸಂತೋಷಪಡಿರಿ” ಎಂದು ಯಾರಾದರೂ ಹೇಳಿಯಾರು. ಆದರೆ ಆ ಪಟ್ಟಿ ತಯಾರಾದ ಬಗೆ ಹೇಗೆ? ಐದು ವರ್ಷ ಒಂದೇ ಸಮನೆ ಅಳೆದು ನೋಡಿ, ಮಾನದಂಡವನ್ನು ಮೀರಿದ ನಗರಗಳನ್ನು ಪಟ್ಟಿಗೆ ಸೇರಿಸಿದರು. ಎಲ್ಲಿ ಅಳೆಯುವ ಯಂತ್ರವೇ ಇರಲಿಲ್ಲವೋ ಅಲ್ಲಿ ಮೀರುವ ಮಾತೇ ಇಲ್ಲ. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಈ ನ್ಯಾಯ ಚೆನ್ನಾಗಿ ಅರ್ಥವಾಗುತ್ತದೆ: ಪರೀಕ್ಷೆಗೇ ಕೂರದ ಹುಡುಗ ನಪಾಸಾಗುವುದಿಲ್ಲ. ಹಾಗೆಂದು ಅವನನ್ನು ಪಾಸಾದವರ ಸಾಲಿಗೆ ಸೇರಿಸುವ ಪ್ರಾಚಾರ್ಯರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಒಂದು ಯಂತ್ರವನ್ನು ಇಟ್ಟಿದ್ದಾರೆ. ಸಂತೋಷ. ಆದರೆ ವಿದ್ಯಾಗಿರಿಯ ಯಂತ್ರ ವಿದ್ಯಾಗಿರಿಯ ಗಾಳಿಯನ್ನು ಅಳೆದೀತೇ ಹೊರತು, ಅರವತ್ತು ಕಿಲೋಮೀಟರಿನಷ್ಟು ದೂರದ ಇಳಕಲ್ಲಿನ ಕ್ವಾರಿಯ ಧೂಳನ್ನು ಅಳೆಯಲಾರದು. ಮುಧೋಳ–ಜಮಖಂಡಿಗಳ ಸಕ್ಕರೆ ಕಾರಖಾನೆಗಳ ಬೂದಿಯನ್ನು ಅಳೆಯಲಾರದು. ಲೋಕಾಪುರದ ಕಡೆಯ ಸುಣ್ಣಕಲ್ಲಿನ ಹುಡಿಯನ್ನೂ ಅಳೆಯಲಾರದು.

ಇಳಕಲ್ಲೆಂದರೆ ಪಟ್ಟಣದ ಓದುಗರಿಗೆ ಸೀರೆ ನೆನಪಾಗುತ್ತದೆ. ನಾಡಿನ ಹೊರಗಿನ ವ್ಯಾಪಾರಿಗಳಿಗೆ ನೆನಪಾಗುವುದು ಅಲ್ಲಿಯ ಕೆಂಪುಛಾಯೆಯ ಗ್ರಾನೈಟ್ ಕಲ್ಲು. ನನ್ನ ವರ್ಗದಲ್ಲಿ ಆ ಕಡೆಯ ಒಬ್ಬ ಹುಡುಗನಿದ್ದ. ಹಳಗನ್ನಡವನ್ನು ತಪ್ಪಿಲ್ಲದೆ ಓದುವವನು. ಎರಡನೆಯ ವರ್ಷದ ನಡುವೆ ಕಾಲೇಜಿಗೆ ಬರುವುದನ್ನು ಬಿಟ್ಟ. ವಿಚಾರಿಸಿದಾಗ ಅವನ ತಂದೆಯೇ ಒಂದು ದಿನ ಬಂದರು. ಇಪ್ಪತ್ತೆರಡು ವರ್ಷ ಕಲ್ಲು ಕೊರೆದ ಮನುಷ್ಯ. ಸ್ಟಾಫ್ ರೂಮಿನ ಮೆಟ್ಟಿಲು ಏರುವಷ್ಟರಲ್ಲಿ ಮೂರು ಸಲ ನಿಂತರು. “ಟೀಬಿ ಅಂತ ಎರಡ ವರ್ಷ ಗುಳಿಗಿ ಕೊಟ್ರ್ರಿ ಸರ. ಆಮ್ಯಾಲ ಮಿರಜಕ್ಕ ಹ್ವಾದ್ವಿ. ಅಲ್ಲಿ ಡಾಕ್ಟರು ಫೋಟೋ ತಗದು, ಇದು ಟೀಬಿ ಅಲ್ಲ, ಎದ್ಯಾಗ ಕಲ್ಲಿನ ಹುಡಿ ಕುಂತೈತಿ ಅಂದ್ರು. ಅದಕ್ಕ ಔಷಧ ಇಲ್ಲಂತ್ರಿ” ಎಂದರು. ಮಗ ಈಗ ಅದೇ ಕ್ವಾರಿಗೆ ಹೋಗುತ್ತಾನೆ.

ಔಷಧವಿಲ್ಲ ಎಂದು ಆ ವೈದ್ಯರು ಹೇಳಿದ್ದು ನಿಜ. ಕಲ್ಲಿನ ಹುಡಿಯಿಂದ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ತಡೆಯುವ ದಾರಿ ಮಾತ್ರ ಇದೆ. ಒಣಗಲ್ಲನ್ನು ಕೊರೆಯುವ ಬದಲು ನೀರು ಹಾಯಿಸುತ್ತ ಕೊರೆಯುವುದು, ಧೂಳನ್ನು ಹುಟ್ಟಿದಲ್ಲಿಯೇ ಹೀರಿಕೊಳ್ಳುವ ಯಂತ್ರವಿಡುವುದು: ಇವು ದೇವರಹಸ್ಯಗಳಲ್ಲ, ಹಣದ ಮಾತು. ಹಣವಿರುವುದು ಪಟ್ಟಿಯಲ್ಲಿರುವ ನಗರಕ್ಕೆ. ಆ ಹಣ ಅಲ್ಲಿ ಯಾವುದಕ್ಕೆ ಹೋಯಿತೆಂಬುದನ್ನೂ ಕೇಳಿರಿ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ೨೦೨೪ರಲ್ಲಿ ಲೆಕ್ಕ ಹಾಕಿ ಹೇಳಿದಂತೆ, ನೂರಕ್ಕೆ ೬೪ರಷ್ಟು ಹಣ ರಸ್ತೆಯ ಧೂಳಿಗೆ ಖರ್ಚಾಯಿತು: ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಗಾಡಿ, ದಾರಿಯಂಚಿನ ಹಾಸುಗಲ್ಲು. ಕಾರಖಾನೆಗಳ ಹೊಗೆ ತಡೆಯುವುದಕ್ಕೆ ಹೋದದ್ದು ನೂರಕ್ಕೆ ಒಂದು ಪಾಲೂ ಅಲ್ಲ. ಹಾಸುವ ಆ ಕಲ್ಲನ್ನು ಕಡಿದವನ ಎದೆಯಲ್ಲಿ ಹುಡಿ ಕುಳಿತುಕೊಂಡಿರಲಿ, ಹಾಸಿದ ಬೀದಿ ಮಾತ್ರ ಸ್ವಚ್ಛವಾಗಿರಲಿ ಎಂಬುದೇ ಈ ಹಂಚಿಕೆಯ ಅರ್ಥವೆ?

ಇರಲಿ. ನಗರಗಳಿಗೆ ಹಣ ಹೋಯಿತೆಂಬುದಕ್ಕೆ ನನ್ನ ಹೊಟ್ಟೆಕಿಚ್ಚಿಲ್ಲ. ಬೆಂಗಳೂರಿನ ಮಕ್ಕಳೂ ಉಸಿರಾಡಬೇಕು. ನನ್ನ ಆಕ್ಷೇಪಣೆ ಹಣ ಹಂಚುವ ಅಳತೆಗೋಲಿನ ಮೇಲೆ. ನಗರಸಭೆಯ ಹದ್ದನ್ನು ಗಾಳಿಯ ಹದ್ದೆಂದು ತಿಳಿದುದು ಮೊದಲನೆಯ ತಪ್ಪು. ದಪ್ಪ ಧೂಳು ಹುಟ್ಟಿದ ಊರಿನ ಸುತ್ತಮುತ್ತಲೇ ಬೀಳುತ್ತದೆ. ಆದರೆ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು, ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟು ಸಣ್ಣವು, ದಿನಗಟ್ಟಲೆ ತೇಲುತ್ತ ನೂರಾರು ಕಿಲೋಮೀಟರು ಹೋಗಬಲ್ಲವು. ರಕ್ತಕ್ಕೆ ಇಳಿಯುವವೂ ಅವೇ. ನಮ್ಮ ದೇಶದ ಮಾನದಂಡದ ಪ್ರಕಾರ ಅವು ವರ್ಷದ ಸರಾಸರಿಯಲ್ಲಿ ಒಂದು ಘನಮೀಟರು ಗಾಳಿಗೆ ೪೦ ಮೈಕ್ರೋಗ್ರಾಮಿಗಿಂತ ಹೆಚ್ಚಿರಕೂಡದು. ಜಾಗತಿಕ ಆರೋಗ್ಯ ಸಂಸ್ಥೆ ೨೦೨೧ರಲ್ಲಿ ಹೇಳಿದ್ದು ೫. ಚಳಿಗಾಲದಲ್ಲಿ ನಮ್ಮ ಸೀಮೆಯ ಗಾಳಿ ಹೆಚ್ಚಾಗಿ ಮೂಡಣದಿಂದ ಪಡುವಣಕ್ಕೆ ಬೀಸುತ್ತದೆ. ಕಬ್ಬು ಕಡಿಯುವ, ರವದಿ ಸುಡುವ, ಕಾರಖಾನೆಗಳ ಚಿಮಣಿ ಹೊಗೆಯುಗುಳುವ ಕಾಲವೂ ಅದೇ. ಮಳೆಗಾಲಕ್ಕೆ ಗಾಳಿ ತಿರುಗುತ್ತದೆ. ಪಡುವಣದಿಂದ ಮೂಡಣಕ್ಕೆ ಬರುತ್ತದೆ. ಹೀಗೆ ಸಾಂಗಲಿ, ಕೊಲ್ಲಾಪುರ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಇವೆಲ್ಲ ಒಂದೇ ಗಾಳಿಯ ಮನೆಯ ಕೋಣೆಗಳು. ಒಂದು ಕೋಣೆಯಲ್ಲಿ ಒಲೆ ಹಚ್ಚಿದರೆ ಇನ್ನೊಂದರಲ್ಲಿ ಕಣ್ಣುರಿ.

ಗಡಿಗಳ ವಿಷಯದಲ್ಲಿ ನಮ್ಮ ಸೀಮೆಗೆ ಇರುವ ಅನುಭವ ಬಹಳ ಪ್ರದೇಶಗಳಿಗೆ ಇಲ್ಲ. ೧೯೫೬ರ ನವೆಂಬರ ಒಂದರವರೆಗೆ ಇಳಕಲ್ಲು ಮುಂಬಯಿ ರಾಜ್ಯದಲ್ಲಿತ್ತು. ಪಕ್ಕದ ಕುಷ್ಟಗಿ ಹೈದರಾಬಾದ ರಾಜ್ಯದಲ್ಲಿತ್ತು. ಮುಧೋಳ, ಜಮಖಂಡಿಗಳಿಗೆ ಬೇರೆ ಬೇರೆ ಸಂಸ್ಥಾನಿಕರು. ೧೯೯೭ರಲ್ಲಿ ವಿಜಯಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆ ಮಾಡಿದರು. ಗೆರೆಗಳು ಇಷ್ಟು ಸಲ ಅಳಿಸಿ ಬರೆದರೂ ಇಳಕಲ್ಲಿನ ಧೂಳು ಕುಷ್ಟಗಿಯ ಕಡೆಗೆ ಹೋಗುವುದು, ಕುಷ್ಟಗಿಯ ಕಡೆಯ ಧೂಳು ಇಳಕಲ್ಲಿಗೆ ಬರುವುದು ನಿಲ್ಲಲಿಲ್ಲ. ‘ಕವಿರಾಜಮಾರ್ಗ’ ಕನ್ನಡ ನಾಡಿನ ಮೇರೆಯನ್ನು ಹೇಳುವಾಗ ಎರಡು ನದಿಗಳ ಹೆಸರು ಹೇಳುತ್ತದೆ, ಕಾವೇರಿ ಮತ್ತು ಗೋದಾವರಿ. ಅದರ ತಿರುಳಿನ ಪ್ರದೇಶವನ್ನು ಹೇಳುವಾಗ ಕಿಸುವೊಳಲನ್ನು, ಎಂದರೆ ನಮ್ಮ ಪಟ್ಟದಕಲ್ಲನ್ನು ಎಣಿಸುತ್ತದೆ. ಬಾದಾಮಿಯ ಇಮ್ಮಡಿ ಪುಲಕೇಶಿ ಮೂರು ಮಹಾರಾಷ್ಟ್ರಕಗಳನ್ನು ಆಳಿದನೆಂದು ೬೩೪ನೆಯ ಇಸವಿಯ ಐಹೊಳೆಯ ಶಾಸನ ಹೇಳುತ್ತದೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಇದನ್ನೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಅಷ್ಟು ದೊಡ್ಡ ಸೀಮೆಯನ್ನು ನಮ್ಮದೆಂದು ಅಭಿಮಾನಪಡುವವರು ಆ ಸೀಮೆಯ ಮೇಲೆ ಬೀಸುವ ಗಾಳಿಯ ಹೊಣೆಯಲ್ಲಿ ತಮಗೂ ಪಾಲಿದೆಯೆಂದು ಒಪ್ಪಬೇಡವೆ?

ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಹೇಳುವವರಿದ್ದಾರೆ. ೧೯೮೧ರ ವಾಯು ಕಾಯಿದೆಯಂತೆ ಒಂದು ರಾಜ್ಯ ಸರಕಾರವು ತನ್ನ ಎಲ್ಲೆಯೊಳಗೆ ಮಾತ್ರ ‘ವಾಯುಮಾಲಿನ್ಯ ನಿಯಂತ್ರಣ ಪ್ರದೇಶ’ವನ್ನು ಸಾರಬಹುದು, ಇದು ನಿಜ. ಆದರೆ ದಿಲ್ಲಿಗೆ ಉಸಿರುಕಟ್ಟಿದಾಗ ಏನಾಯಿತು? ೨೦೨೦ರಲ್ಲಿ ಸುಗ್ರೀವಾಜ್ಞೆ ಹೊರಟಿತು. ೨೦೨೧ರಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿತು. ದಿಲ್ಲಿ, ಹರಿಯಾಣ, ಪಂಜಾಬ, ರಾಜಸ್ಥಾನ, ಉತ್ತರ ಪ್ರದೇಶ ಈ ಐದಕ್ಕೂ ಕೂಡಿ ಒಂದು ವಾಯುಗುಣಮಟ್ಟ ನಿರ್ವಹಣಾ ಆಯೋಗ ಬಂದಿತು. ರಾಜಧಾನಿಯ ಗಾಳಿ ರಾಜ್ಯದ ಗಡಿ ದಾಟುತ್ತದೆಂಬುದು ಸಂಸತ್ತಿಗೆ ತಿಳಿಯಿತು. ಕೃಷ್ಣೆಯ ದಂಡೆಯ ಗಾಳಿಗೆ ಮಾತ್ರ ಕಾಗವಾಡದ ನಾಕೆಯಲ್ಲಿ ತಡೆಗೋಲಿದೆಯೆಂದು ಯಾರಾದರೂ ತೋರಿಸಿಕೊಟ್ಟರೆ ಈ ಲೇಖನವನ್ನು ಹಿಂತೆಗೆದುಕೊಳ್ಳಲು ಸಿದ್ಧನಿದ್ದೇನೆ.

ನೀರಿನ ವಿಷಯದಲ್ಲಾದರೂ ನಾವು ಒಂದು ಹೆಜ್ಜೆ ಮುಂದಿದ್ದೇವೆ. ಕೃಷ್ಣೆಯ ಸಲುವಾಗಿ ೧೯೬೯ರಲ್ಲಿ ಒಂದು ನ್ಯಾಯಾಧಿಕರಣ, ೨೦೦೪ರಲ್ಲಿ ಇನ್ನೊಂದು ನೇಮಕವಾದುವು. ಅಂದರೆ ನೀರಿಗಾಗಿ ಜಗಳವಾದರೂ ಇದೆ. ಜಗಳವಾಡಬೇಕಾದರೂ ಎದುರಿಗೆ ಕುಳಿತುಕೊಳ್ಳಬೇಕಾಗುತ್ತದೆ. ಅಳತೆಯ ಪುಸ್ತಕಗಳನ್ನು ಬಿಚ್ಚಿ ತೋರಿಸಬೇಕಾಗುತ್ತದೆ. ಗಾಳಿಗಾಗಿ ಆ ಜಗಳವೂ ಇಲ್ಲ. ಅಳತೆ ಮಾಡಿದ ಮೇಲೆ ಜಗಳ ಹೇಗೆ ತಣ್ಣಗಾಗಬಲ್ಲದೆಂಬುದಕ್ಕೆ ೨೦೧೯ರ ಆಗಸ್ಟಿನ ನೆರೆಯೇ ಸಾಕ್ಷಿ. ಆ ವರ್ಷ ಮೇಲೆ ಸಾಂಗಲಿ, ಕೊಲ್ಲಾಪುರಗಳು ಮುಳುಗಿದುವು. ಕೆಳಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಹೊಕ್ಕುವು. ಪಟ್ಟದಕಲ್ಲಿನ ದೇವಾಲಯಗಳನ್ನು ಮಲಪ್ರಭೆಯ ನೀರು ಸುತ್ತುವರಿದಿತ್ತು. ಆಲಮಟ್ಟಿಯ ಹಿನ್ನೀರಿನಿಂದಲೇ ತಾವು ಮುಳುಗಿದೆವೆಂದು ಮೇಲಿನವರು, ಕೊಯ್ನೆಯ ನೀರು ಬಿಟ್ಟು ತಮ್ಮನ್ನು ಮುಳುಗಿಸಿದರೆಂದು ಕೆಳಗಿನವರು ಹರಿಹಾಯ್ದರು. ಕೊನೆಗೆ ಮಹಾರಾಷ್ಟ್ರ ಸರಕಾರವೇ ನೇಮಿಸಿದ ವಡನೇರೆ ಸಮಿತಿ ಲೆಕ್ಕ ಹಾಕಿ ನೋಡಿ, ಆ ನೆರೆಗೆ ಆಲಮಟ್ಟಿ ಕಾರಣವಲ್ಲವೆಂದು ಹೇಳಿತು. ೨೦೨೧ರ ಜೂನಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವರು ಬೆಂಗಳೂರಿಗೆ ಬಂದು ನಮ್ಮ ಮುಖ್ಯಮಂತ್ರಿಗಳ ಜೊತೆ ಕುಳಿತು, ಜಲಾಶಯಗಳ ಮಾಹಿತಿಯನ್ನು ಆಗಿಂದಾಗ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಮಾತಾಡಿದರು. ಆಲಮಟ್ಟಿಯ ಎತ್ತರ ಕುರಿತು ೨೦೨೫ರಲ್ಲಿ ಮತ್ತೆ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ನಡುವೆ ಪತ್ರಗಳು ಓಡಾಡಿದ್ದೂ ನಿಜವೇ. ಒಂದು ಸಮಿತಿಯ ವರದಿಯಿಂದ ಸಂಶಯಗಳೆಲ್ಲ ಸಾಯುವುದಿಲ್ಲ. ಆದರೆ ಕೂಡಿ ಅಳೆಯುವುದು ಸಾಧ್ಯ ಎಂಬಷ್ಟು ಸಿದ್ಧವಾಯಿತು.

ಹಣದ ಮಾತು ಬಂದೊಡನೆ ಮಾತ್ರ ಹಳೆಯ ಚಾಳಿ. ಸಾಂಗಲಿ–ಕೊಲ್ಲಾಪುರಗಳ ನೆರೆಯನ್ನು ನಿಭಾಯಿಸಲು ಮಹಾರಾಷ್ಟ್ರವು ವಿಶ್ವಬ್ಯಾಂಕಿನ ನೆರವಿನಿಂದ ಒಂದು ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಅದು ಅವರ ಹಕ್ಕು. ಅವರ ಕಷ್ಟವೂ ದೊಡ್ಡದು. ಆದರೆ ನದಿ ಒಂದು, ನೆರೆ ಒಂದು, ಹಣ ಮಾತ್ರ ಅರ್ಧ ನದಿಗೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮ ಕೂಡಲಸಂಗಮದಲ್ಲಿ ಸೇರುತ್ತವೆ. ಅಲ್ಲಿ ನಿಂತು ಇದು ಮಹಾರಾಷ್ಟ್ರದ ನೀರು, ಇದು ಕರ್ನಾಟಕದ್ದು ಎಂದು ಬೇರೆಮಾಡಿ ತೋರಿಸಬಲ್ಲ ಇಂಜಿನಿಯರನಿದ್ದರೆ ಹಣವನ್ನು ಹಾಗೆಯೇ ಹಂಚಲಿ.

ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ೧೯೬೦ರ ದಶಕದಲ್ಲಿ ಸ್ವೀಡನ್, ನಾರ್ವೆ ದೇಶಗಳ ಸರೋವರಗಳಲ್ಲಿ ಮೀನುಗಳು ಸಾಯುತ್ತಿದ್ದುವು. ಬ್ರಿಟನ್, ಜರ್ಮನಿಗಳ ಕಲ್ಲಿದ್ದಲಿನ ಹೊಗೆ ಗಾಳಿಯಲ್ಲಿ ಹಾರಿಬಂದು ಆಮ್ಲದ ಮಳೆಯಾಗಿ ಸುರಿಯುತ್ತಿದೆಯೆಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಒಡೇನ್ ೧೯೬೭ರಲ್ಲಿ ಒಂದು ದಿನಪತ್ರಿಕೆಯಲ್ಲಿಯೇ ಬರೆದರು. ಹೊಗೆಯ ಒಡೆಯರು ಮೊದಲು ಒಪ್ಪಲಿಲ್ಲ. ಕೊನೆಗೆ ೧೯೭೯ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯವನ್ನು ಕುರಿತು ಒಪ್ಪಂದವಾಯಿತು. ಒಂದರ ಮೇಲೊಂದು ಅಣ್ವಸ್ತ್ರ ಗುರಿಯಿಟ್ಟುಕೊಂಡಿದ್ದ ಪೂರ್ವ–ಪಶ್ಚಿಮದ ದೇಶಗಳು, ಸೋವಿಯೆಟ್ ರಷ್ಯವೂ ಸೇರಿ, ಅದಕ್ಕೆ ಸಹಿ ಹಾಕಿದುವು. ಆಮೇಲೆ ಅವರು ಮಾಡಿದ ಮೊದಲನೆಯ ಕೆಲಸ ಗಮನಿಸಬೇಕಾದದ್ದು. ೧೯೮೪ರಲ್ಲಿ ಆ ಒಪ್ಪಂದಕ್ಕೆ ಸೇರಿಸಿದ ಮೊದಲ ಉಪಕರಾರು ಯಾವ ಕಾರಖಾನೆಯನ್ನೂ ಮುಚ್ಚಿಸುವುದಲ್ಲ. ಎಲ್ಲ ದೇಶಗಳೂ ಹಣ ಹಾಕಿ ಕೂಡಿ ಗಾಳಿಯನ್ನು ಅಳೆಯುವುದಕ್ಕೆ ಸಂಬಂಧಿಸಿದ್ದು. ಯಾರ ಹೊಗೆ ಎಷ್ಟು, ಯಾರ ಮೇಲೆ ಬೀಳುತ್ತದೆಂಬ ಲೆಕ್ಕ ಎಲ್ಲರೂ ಒಪ್ಪುವ ಒಂದೇ ಪುಸ್ತಕದಲ್ಲಿ ಬರೆದಾಯಿತು. ಮರುವರ್ಷವೇ ಗಂಧಕದ ಹೊಗೆಯನ್ನು ನೂರಕ್ಕೆ ಮೂವತ್ತು ಇಳಿಸುವ ಕರಾರು ಬಂತು. ಬ್ರಿಟನ್ ಅದಕ್ಕೆ ಸಹಿ ಹಾಕದಿದ್ದರೂ ಅಳತೆಯ ಕೂಟದಿಂದ ಹೊರಗೆ ನಿಲ್ಲಲಿಲ್ಲ.

ನಮ್ಮ ಕಡೆಯೂ ೧೯೯೮ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ ಮೊದಲಾದ ರಾಷ್ಟ್ರಗಳು ಮಾಲೆ ಘೋಷಣೆಯನ್ನು ಒಪ್ಪಿಕೊಂಡುವು. ಅದರ ಕೆಲಸಕ್ಕೆ ಹಣ ಕೊಟ್ಟದ್ದು ಸ್ವೀಡನ್. ಆದರೆ ಅದು ಯಾರನ್ನೂ ಕಟ್ಟಿಹಾಕುವ ಕರಾರಾಗದೆ ಘೋಷಣೆಯಾಗಿಯೇ ಉಳಿಯಿತು. ನಾವೇ ಹಣ ಹಾಕಿ, ನಾವೇ ಅಳೆದು, ನಾವೇ ಒಪ್ಪಿಕೊಂಡ ಲೆಕ್ಕಕ್ಕೆ ಇರುವ ಬಲ ದೂರದ ಔದಾರ್ಯಕ್ಕೆ ಬರಲಾರದು.

ಈಗ ಆಕ್ಷೇಪಣೆಗಳಿಗೆ ಬರೋಣ. ನಮ್ಮ ಊರಿನ ವಕೀಲ ಮಿತ್ರರೊಬ್ಬರು, “ಅಲ್ರೀ ಸರ, ಬಾಗಲಕೋಟಿ ಏನ ದಿಲ್ಲಿ ಆಗೈತೇನ್ರಿ? ಆಕಾಶ ನೋಡ್ರಿ, ನೀಲಿ ಐತಿ” ಎಂದು ನಕ್ಕರು. ದಿಲ್ಲಿಯಾಗುವವರೆಗೆ ಕಾಯಬೇಕೆಂಬ ಶಾಸ್ತ್ರ ಯಾವುದು? ದಿಲ್ಲಿಯ ಅನುದಾನವೆಲ್ಲ ಕೆಟ್ಟ ಮೇಲೆ ಕೊಡುವ ಅನುದಾನ. ಕೆಡುವುದಕ್ಕೆ ಮುಂಚೆ ಕೊಟ್ಟರೆ ಅದರ ಕಾಲುಭಾಗ ಸಾಕಾದೀತು.

ಇನ್ನೊಂದು ಆಕ್ಷೇಪಣೆ ನನ್ನ ಸ್ವಂತ ಮಾವನ ಮಗನದು. ಜಮಖಂಡಿ ತಾಲೂಕಿನಲ್ಲಿ ಎಂಟು ಎಕರೆ ಕಬ್ಬಿನ ಒಕ್ಕಲುತನ. “ರವದಿ ಸುಡಬ್ಯಾಡ ಅಂತೀರಿ. ಎಕರೆಕ್ಕ ಮೂರ–ನಾಕ ಟನ್ ಬೀಳತೈತಿ. ಆಳು ಸಿಗೂದಿಲ್ಲ. ಪುಡಿ ಮಾಡೂ ಮಶಿನ್ ಬಾಡಿಗಿ ನನ್ನ ಕೈಯಾಗ ಆಗೂದಿಲ್ಲ. ಕಡ್ಡಿ ಕೊರದ್ರ ಒಂದ ರಾತ್ರಿ ಕೆಲಸ. ನೀವ ಬಂದು ಹೆಕ್ಕತೀರೇನು?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಅವನಿಗೆ ದಂಡ ಹಾಕಿ ಗಾಳಿಯನ್ನು ತೊಳೆಯುತ್ತೇವೆನ್ನುವವರು ನಗರದ ಜನ. ರವದಿಯನ್ನು ಪುಡಿಮಾಡಿ ಹೊಲಕ್ಕೇ ಹೊದಿಸಿದರೆ ಕೂಳೆ ಬೆಳೆಗೆ ತೇವ ಉಳಿಯುತ್ತದೆ, ಮಣ್ಣಿಗೆ ಸತ್ತ್ವ ಬರುತ್ತದೆ. ಆ ಯಂತ್ರ ಅವನ ಹೊಲದ ಬದುವಿಗೆ ಹದಿನೈದು ದಿನದೊಳಗೆ ಬಂದು ನಿಲ್ಲಬೇಕು. ಅನುದಾನ ಬೇಕಾದದ್ದು ಅಲ್ಲಿ. ಅದೇ ಯಂತ್ರ ಮಿರಜದ ರೈತನಿಗೂ ಬೇಕು. ಕಬ್ಬು ಕಡಿಯಲು ಬೀಡ ಜಿಲ್ಲೆಯ ಗ್ಯಾಂಗುಗಳು ಗಡಿ ದಾಟಿ ನಮ್ಮ ಹೊಲಗಳಿಗೆ ಬರುತ್ತವೆ. ಅವರ ಹಿಂದೆ ಒಂದು ಯಂತ್ರ ಬರಲಾರದೆ?

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. “ಗಡಿಯ ತಂಟೆ ಜೀವಂತವಿರುವಾಗ ಮಹಾರಾಷ್ಟ್ರದೊಡನೆ ಕೈಕೂಡಿಸುವುದೆಂದರೆ ಬೆಳಗಾವಿಯ ಮೇಲಿನ ಪಟ್ಟು ಸಡಿಲಿಸಿದಂತೆ” ಎಂದು ಕೆಲವು ಅಭಿಮಾನಿಗಳು ಹೇಳುತ್ತಾರೆ. ಈ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಿದೆ. ೧೯೬೭ರ ಮಹಾಜನ ವರದಿ ಬೆಳಗಾವಿಯನ್ನು ಕರ್ನಾಟಕದಲ್ಲಿ ಉಳಿಸಿದೆ. ಅದರಲ್ಲಿ ನನಗೆ ಕೂದಲೆಳೆಯಷ್ಟೂ ಸಂಶಯವಿಲ್ಲ. ಆದರೆ ಕನ್ನಡಾಭಿಮಾನವೆಂದರೆ ಕನ್ನಡಿಗರ ಶ್ವಾಸಕೋಶದ ಅಭಿಮಾನವೂ ಹೌದಲ್ಲವೆ? ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡ ಮಾತಾಡುವವರು ಗಡಿಯ ಆಚೆಗಿದ್ದಾರೆ. ಅವರು ಉಸಿರಾಡುವುದೂ ಇದೇ ಗಾಳಿಯನ್ನು. ನಮ್ಮ ರೋಗಿಗಳು ತಲೆಮಾರುಗಳಿಂದ ಮಿರಜದ ಆಸ್ಪತ್ರೆಗಳಿಗೆ ಹೋಗುತ್ತ ಬಂದಿದ್ದಾರೆ. ಇಳಕಲ್ಲಿನ ಸೀರೆಯನ್ನು ಮರಾಠಿ ಹೆಣ್ಣುಮಕ್ಕಳು ‘ಇರಕಲ್’ ಎಂದು ಕರೆದು ತಲೆಮಾರುಗಳಿಂದ ಉಡುತ್ತ ಬಂದಿದ್ದಾರೆ. ರೋಗಕ್ಕೆ ಗಡಿಯಿಲ್ಲ, ಸೀರೆಗೆ ಗಡಿಯಿಲ್ಲ. ಗಡಿಯಿರುವುದು ಅನುದಾನದ ಕಡತಕ್ಕೆ ಮಾತ್ರ.

ಹಾಗಾದರೆ ಆಗಬೇಕಾದದ್ದೇನು? ನನ್ನ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇನೆ. ಮೇಲಿನ ಕೃಷ್ಣೆಯ ಆರು ಜಿಲ್ಲೆಗಳನ್ನು ಒಂದು ಗಾಳಿಯ ಸೀಮೆಯೆಂದು ಎಣಿಸಿ ಅನುದಾನವನ್ನು ಆ ಸೀಮೆಗೆ ಕೊಡಲಿ. ಕೊಡುವವರು ಕೇಂದ್ರ ಸರಕಾರವಾಗಲಿ, ವಿಶ್ವಬ್ಯಾಂಕಾಗಲಿ, ಚಿಂತೆಯಿಲ್ಲ. ಮೊದಲ ಕಂತಿನ ಹಣ ಅಳೆಯುವುದಕ್ಕೇ ಹೋಗಲಿ: ಇಳಕಲ್ಲಿನಲ್ಲಿ, ಬಾದಾಮಿಯಲ್ಲಿ, ಹುನಗುಂದದಲ್ಲಿ, ಹಾಗೆಯೇ ಆ ಕಡೆಯ ಸಣ್ಣ ಊರುಗಳಲ್ಲಿ ಯಂತ್ರಗಳು ನಿಲ್ಲಲಿ. ದಿನದಿನದ ಅಂಕೆಗಳನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಚಾವಡಿಯ ಗೋಡೆಯ ಮೇಲೆ ಬರೆಯಲಿ. ಎರಡನೆಯ ಕಂತು ರವದಿಯ ಯಂತ್ರಗಳಿಗೆ, ಕ್ವಾರಿಯ ನೀರಿನ ಕೊರೆತಕ್ಕೆ, ಕಲ್ಲುಕುಟಿಗರ ಎದೆಯ ತಪಾಸಣೆಗೆ ಹೋಗಲಿ. ಮೂರನೆಯ ಕಂತನ್ನು, ಎರಡೂ ರಾಜ್ಯದವರು ಕೂಡಿ ಸಹಿ ಮಾಡಿದ ಲೆಕ್ಕ ಬಂದ ಮೇಲೆಯೇ ಬಿಡುಗಡೆ ಮಾಡಲಿ. ಒಬ್ಬರು ಮುನಿದು ಎದ್ದು ಹೋದರೆ ಇಬ್ಬರ ಹಣವೂ ನಿಲ್ಲಲಿ. ಸ್ನೇಹದಿಂದ ಕೂಡದವರು ಲೆಕ್ಕಕ್ಕಾಗಿಯಾದರೂ ಕೂಡುತ್ತಾರೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ‘ಸಹಕಾರ’ಕ್ಕೆಂದು ಬರುವ ಹಣಕ್ಕೆ ವಿಚಾರಸಂಕಿರಣಗಳ ಕಾಟ ಬಹಳ. ಇಂಥದೊಂದು ಸಂಕಿರಣಕ್ಕೆ ನಾನೂ ಹೋಗಿದ್ದೆ. ದೊಡ್ಡ ಹೊಟೇಲು, ತಂಪು ಮಾಡಿದ ಕೋಣೆ, ಮುಚ್ಚಿದ ಕಿಟಕಿ. ಎರಡು ದಿನ ಇಂಗ್ಲಿಷಿನಲ್ಲಿ ಗಾಳಿಯ ವಿಚಾರ ನಡೆಯಿತು. ಒಬ್ಬರೂ ಹೊರಗಿನ ಗಾಳಿಗೆ ಬರಲಿಲ್ಲ. ಕೊನೆಗೆ ಬಂದ ದಪ್ಪ ವರದಿಯಲ್ಲಿ ಕಬ್ಬಿನ ರೈತ ಒಂದು ಅಂಕೆಯಾಗಿದ್ದ, ಕಲ್ಲುಕುಟಿಗ ಅಷ್ಟೂ ಆಗಿರಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ; ಎದ್ದುನಿಂತು ಕೇಳುವ ಬದಲು ಊಟ ಮಾಡಿ, ಪ್ರಯಾಣಭತ್ಯೆ ತೆಗೆದುಕೊಂಡು ಬಂದೆ. ಆ ನಾಚಿಕೆಯೂ ಈ ಲೇಖನಕ್ಕೆ ಒಂದು ಕಾರಣ.

ನೀರಿಗಾಗಿ ಬಾಗಲಕೋಟೆಯವರು ತಮ್ಮ ಊರನ್ನೇ ಕೊಟ್ಟವರು. ಹಿನ್ನೀರಿನಲ್ಲಿ ಓಣಿ, ಅಂಗಡಿ, ಗುಡಿಗಳನ್ನು ಬಿಟ್ಟು ನವನಗರಕ್ಕೆ ಬಂದು ನೆಲೆಸಿದವರು. ದೇಶದ ಹಿತಕ್ಕೆ ಅಷ್ಟು ತೆತ್ತ ಜನ ಇಂದು ಕೇಳುವುದು ಹೆಚ್ಚಿನದೇನಲ್ಲ: ನಮ್ಮ ಗಾಳಿಯನ್ನು ಅಳೆಯಿರಿ, ನೆರೆಯವರ ಜೊತೆಗೆ ಕೂಡಿಸಿ ಅಳೆಯಿರಿ, ಆ ಲೆಕ್ಕದಂತೆ ಹಣ ಕೊಡಿರಿ. ನಮ್ಮ ಭಾಗದ ಶಾಸಕರು, ಸಂಸದರು ತಮ್ಮ ತಮ್ಮ ಸದನಗಳಲ್ಲಿ ಈ ಪ್ರಶ್ನೆಯನ್ನು ಎತ್ತಬೇಕು. ಸಾಂಗಲಿ, ಕೊಲ್ಲಾಪುರಗಳ ಪ್ರತಿನಿಧಿಗಳೂ ಅಲ್ಲಿ ಎತ್ತುವಂತೆ ಪತ್ರ ಬರೆಯಬೇಕು. ಮರಾಠಿ ಪತ್ರಿಕೆಗಳಲ್ಲಿ ಬರೆಯುವ ಯಾರಾದರೂ ಈ ಲೇಖನದ ತಿರುಳನ್ನು ಅಲ್ಲಿಗೆ ತಲುಪಿಸಿದರೆ ನಾನು ಋಣಿ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಮಾವನವರ ಕೆಮ್ಮು ಕಡಿಮೆಯಾಗಿಲ್ಲ. “ಬರೀತೀನಿ ಅಂದಿದ್ದೆಲ್ಲಾ, ಬರದಿ ಏನಪಾ?” ಎಂದು ಕೇಳಿದಳು. ಬರೆದಿದ್ದೇನೆಂದು ಹೇಳಿದೆ. ಅವಳಿಗೆ ಕನ್ನಡ ಓದಲು ಬರುತ್ತದೆ. ಅವಳ ಮಕ್ಕಳಿಗೆ ಬಾರದು. ಅವಳೇ ಅವರಿಗೆ ಮರಾಠಿಯಲ್ಲಿ ಓದಿ ಹೇಳುತ್ತಾಳಂತೆ.